ನೂರ ತೊಂಬತ್ತೆರಡು ಕಡ್ಡಿ

ಕೊಳ್ಳೇಗಾಲದಲ್ಲಿ ಗುರುಪಾದಸ್ವಾಮಿ ಯಾರು ಅಂತ ಕೇಳಿ ನೋಡಿ. ಮಗ್ಗದ ಮನೆಯವರಾದರೆ, ಹಣಿಗೆ ಕಟ್ಟುತ್ತಿದ್ದ ಸ್ವಾಮಣ್ಣನಾ ಅನ್ನುತ್ತಾರೆ. ಉಳಿದವರು ತುಟಿಯಂಚಿನಲ್ಲಿ ನಕ್ಕು, ಆಟದ ಕಾರು ಮಾಡುತ್ತಾರಲ್ಲ ಅವರಾ ಅನ್ನುತ್ತಾರೆ. ಈ ಎರಡನೇ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆಟದ ಕಾರಂತೆ. ಒಬ್ಬ ಮನುಷ್ಯ ಇಪ್ಪತ್ತು ವರ್ಷ ಹಲ್ಲು ಕಚ್ಚಿಕೊಂಡು ಮಾಡಿದ ಕೆಲಸಕ್ಕೆ ಊರು ಇಟ್ಟ ಹೆಸರು ಅದು.

ನಾನು ಪರಮೇಶ. ತಾಲ್ಲೂಕು ಆಫೀಸಿನ ಎದುರು ಸಾಲಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಬೆಳಗಿನಿಂದ ಸಂಜೆಯವರೆಗೆ ಪಹಣಿ, ಆಧಾರ್ ಕಾರ್ಡು, ಜಾತಿ ಸರ್ಟಿಫಿಕೇಟು. ಇಪ್ಪತ್ತು ವರ್ಷದ ಹಿಂದೆ ಗುರುಪಾದಣ್ಣ ನನ್ನ ಅಂಗಡಿಗೆ ಮೊದಲ ಸಲ ಬಂದಾಗ ಅವನ ಕೈಯಲ್ಲಿ ವಿದೇಶದ ಯಾವುದೋ ಪತ್ರಿಕೆಯ ಒಂದು ಹಾಳೆ ಇತ್ತು. ಅವನ ಕೆಲಸಕ್ಕೆ ಬೇಕಾದ ಉಕ್ಕಿನ ತಂತಿ ಬೆಂಗಳೂರಿನಿಂದ ರದ್ದಿ ಕಾಗದದಲ್ಲಿ ಸುತ್ತಿಕೊಂಡು ಬರುತ್ತಿತ್ತಂತೆ, ಹಾಗೆ ಸಿಕ್ಕಿದ ಹಾಳೆ. ಮಡಿಕೆ ಬಿದ್ದಲ್ಲೆಲ್ಲ ಹಿಂದಿನಿಂದ ಅಂಟಿಸಿ ಹತ್ತು ವರ್ಷದಿಂದ ಕಾಪಾಡಿಕೊಂಡಿದ್ದ. ಅದರಲ್ಲೊಂದು ಕೆಂಪು ಕಾರಿನ ಚಿತ್ರ. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಇಬ್ಬರು ಕೂರುವಷ್ಟೇ ಜಾಗ, ತಲೆಯ ಮೇಲೆ ಚಾವಣಿ ಇಲ್ಲ, ಬಾನೆಟ್ಟಿಗೆ ತೊಗಲಿನ ಬೆಲ್ಟು ಬಿಗಿದಿದ್ದಾರೆ. ಇಟಲಿಯದು, ಐವತ್ತರ ದಶಕದ್ದು, ರೇಸಿಗೆಂದೇ ಮಾಡಿದ್ದು. ಹೆಸರನ್ನು ನೂರು ಸಲ ಹೇಳಿಕೊಟ್ಟಿದ್ದಾನೆ, ನನ್ನ ನಾಲಿಗೆಗೆ ಇವತ್ತಿಗೂ ಹತ್ತಿಲ್ಲ.

ಆ ಚಿತ್ರವನ್ನು ದೊಡ್ಡದು ಮಾಡಿಕೊಡಬೇಕು ಅಂದ. ಎಷ್ಟು ದೊಡ್ಡದು ಅಂದೆ. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಇಪ್ಪತ್ತೊಂಬತ್ತು ಸೆಂಟಿಮೀಟರಿಗೆ ಒಂದು ಮಿಲಿಮೀಟರ್ ಕಮ್ಮಿ ಬರಬೇಕು, ನಿಜವಾದ ಕಾರಿನ ಎಂಟನೇ ಒಂದು ಪಾಲು ಅಂದ. ನಾನು ಮೆಷಿನ್ನಿನ ಪರ್ಸೆಂಟೇಜು ಏರಿಸಿ ಇಳಿಸಿ ಹನ್ನೊಂದು ಹಾಳೆ ಹಾಳು ಮಾಡಿದೆ. ಅಂಗಡಿ ಮುಂದೆ ಪಹಣಿ ಹಿಡಿದುಕೊಂಡವರ ಸಾಲು ಬೆಳೆದು ಬೈಗುಳ ಶುರುವಾಗಿತ್ತು. ಒಂದು ಮಿಲಿಮೀಟರ್ ಹೆಚ್ಚು ಕಮ್ಮಿ ಆದರೆ ಯಾರಣ್ಣ ಬಂದು ಅಳೆಯುತ್ತಾರೆ ಅಂತ ರೇಗಿದೆ. ಅವನು ಸಿಟ್ಟಾಗಲಿಲ್ಲ. "ನಾನ್ ಅಳೀತೀನಿ ಕಣಪ್ಪ" ಅಂದ. ಹನ್ನೆರಡನೇ ಹಾಳೆ ಸರಿಹೋಯಿತು. ನಮ್ಮ ಸ್ನೇಹ ಅಲ್ಲಿಂದ.

ಹಣಿಗೆ ಅಂದರೆ ಮಗ್ಗದಲ್ಲಿ ರೇಷ್ಮೆಯ ಎಳೆಗಳನ್ನು ಒಂದಕ್ಕೊಂದು ತಾಕದ ಹಾಗೆ ಸಾಲಾಗಿ ಹಿಡಿಯುವ ಬಾಚಣಿಗೆ. ಒಂದು ಅಂಗುಲದಲ್ಲಿ ಎಪ್ಪತ್ತು ಎಂಬತ್ತು ಹಲ್ಲು. ಒಂದು ಹಲ್ಲು ವಾಲಿದರೂ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಗುರುಪಾದಣ್ಣ ಯಳಂದೂರಿನ ಹತ್ತಿರದ ಹೊನ್ನೂರಿನವನು, ಕಬ್ಬು ತೆಂಗಿನ ಮನೆತನ. ಗದ್ದೆಯ ಕೆಲಸ ಒಗ್ಗದೆ ಇಲ್ಲಿಗೆ ಬಂದು ಶಿವನಂಜಯ್ಯ ಅನ್ನುವ ಹಣಿಗೆಯ ಮೇಸ್ತ್ರಿ ಹತ್ತಿರ ಕೆಲಸ ಕಲಿತ. ಕೊನೆಗೆ ಮೇಸ್ತ್ರಿಯ ಮಗಳು ಶಿವರತ್ನಮ್ಮನನ್ನೇ ಮದುವೆಯಾದ. ಕೈಮಗ್ಗ ಹೋಗಿ ಪವರ್‌ಲೂಮ್ ಬಂತು, ಮೆಷಿನ್ನಿನಲ್ಲಿ ಮಾಡಿದ ಹಣಿಗೆ ಬಂತು. ಕೆಲಸ ಕಮ್ಮಿಯಾಯಿತು, ಆದರೆ ಆ ಕೈ ಸುಮ್ಮನಿರಬೇಕಲ್ಲ. ಸೀರೆಗೆ ಕುಚ್ಚು ಕಟ್ಟಿ ಶಿವರತ್ನಮ್ಮ ಸಂಸಾರ ನಡೆಸಿದಳು, ಇವನು ಕಾರು ಕಟ್ಟಿದ.

ಹಳೆ ಅಲ್ಯೂಮಿನಿಯಂ ತಪ್ಪಲೆ ಕತ್ತರಿಸಿ, ಮರದ ಅಚ್ಚಿನ ಮೇಲಿಟ್ಟು, ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಮೈ ಮಾಡುತ್ತಿದ್ದ. ಗಾಲಿಯ ಕಡ್ಡಿಗೆ, ಅಂದರೆ ಸ್ಪೋಕಿಗೆ, ಸ್ಕೂಟರಿನ ಕ್ಲಚ್ ವೈರು. ಅದನ್ನು ಬಿಚ್ಚಿದರೆ ಒಳಗೆ ಕೂದಲಿನಂಥ ಎಳೆಗಳಿರುತ್ತವೆ. ಹಿತ್ತಾಳೆಯ ಬಳೆಗೆ ಸೂಜಿಯಷ್ಟು ಸಣ್ಣ ತೂತು ಕೊರೆದು, ಒಂದೊಂದು ಎಳೆ ಪೋಣಿಸಿ, ಎಳೆದು, ಬೆಸುಗೆ ಹಾಕಬೇಕು. ಒಂದು ಗಾಲಿಗೆ ನಲವತ್ತೆಂಟು, ನಾಲ್ಕಕ್ಕೆ ನೂರ ತೊಂಬತ್ತೆರಡು. ಎಲ್ಲವೂ ಒಂದೇ ಬಿಗಿ ಇರಬೇಕು. ಒಂದು ಸಡಿಲವಾದರೆ ಗಾಲಿ ತಿರುಗುವಾಗ ಓಲಾಡುತ್ತದೆ, ಗಾಲಿ ಓಲಾಡಿದರೆ ಅದು ಕಾರೇ ಅಲ್ಲ ಅನ್ನುತ್ತಿದ್ದ.

ಇಷ್ಟಾದರೂ ಅವನು ಒಂದೇ ಒಂದು ಕಾರನ್ನೂ ಮುಗಿಸಲಿಲ್ಲ. ಇದೇ ಅವನ ರೋಗ. ಮುಕ್ಕಾಲು ಮೂರು ವೀಸ ಪಾಲು ಕೆಲಸ ಆದಮೇಲೆ ಎಲ್ಲೋ ಒಂದು ತಪ್ಪು ಕಣ್ಣಿಗೆ ಬೀಳುತ್ತಿತ್ತು. ಬಿದ್ದ ಮೇಲೆ ಮುಗಿಯಿತು, ಪೂರಾ ಬಿಚ್ಚುತ್ತಿದ್ದ. ಮೊದಲನೇ ಕಾರಿನ ಕತೆಯಲ್ಲಿ ನನ್ನ ಪಾಲೂ ಇದೆ. ಆ ಹಾಳೆಯಲ್ಲಿ ಕಾಣುತ್ತಿದ್ದದ್ದು ಕಾರಿನ ಒಂದೇ ಮಗ್ಗುಲು. ಆ ಮಗ್ಗುಲಲ್ಲಿ ಹೊಗೆಕೊಳವೆ ಇತ್ತು. ಇನ್ನೊಂದು ಮಗ್ಗುಲೂ ಹಾಗೇ ಇರುತ್ತದೆ ಅಂದುಕೊಂಡು ಎರಡೂ ಕಡೆ ಕೊಳವೆ ಇಟ್ಟಿದ್ದ. ನಮ್ಮ ಅಂಗಡಿಗೆ ಇಂಟರ್‌ನೆಟ್ಟು ಬಂದಾಗ ನಾನೇ ಉತ್ಸಾಹದಿಂದ ಹುಡುಕಿ ಅದೇ ಕಾರಿನ ಆ ಕಡೆಯ ಚಿತ್ರ ತೆಗೆದುಕೊಟ್ಟೆ. ಆ ಕಡೆ ಕೊಳವೆಯೇ ಇರಲಿಲ್ಲ, ಬೋಳು. ಗುರುಪಾದಣ್ಣ ಚಿತ್ರ ಮಡಚಿ ಜೇಬಿಗಿಟ್ಟುಕೊಂಡು ಹೋದ. ಮಾರನೇ ದಿನ ನಾಲ್ಕು ವರ್ಷದ ಕೆಲಸ ಒಂದು ಗೋಣಿಚೀಲದಲ್ಲಿ ತುಂಡಾಗಿ ಕೂತಿತ್ತು. ಒಂದು ಕೊಳವೆ ಕಿತ್ತು ತೂತು ಮುಚ್ಚಿದ್ದರೆ ಆಗುತ್ತಿತ್ತಲ್ಲ ಅಂದೆ. ಮುಚ್ಚಿದ್ದು ನನಗೆ ಗೊತ್ತಿರುತ್ತಲ್ಲ ಅಂದ.

ಒಂದು ಸಲ ಯಳಂದೂರಿನ ಸಂತೆಯಲ್ಲಿ ಯಾರೋ ಹೇಳಿದರಂತೆ, ಬಿಳಿಗಿರಿರಂಗನ ಬೆಟ್ಟದ ದಾರಿಯಲ್ಲಿ ಒಂದು ಹಳೆ ಶೆಡ್ಡಿದೆ, ಅದರೊಳಗೆ ಇಂಗ್ಲಿಷಿನವರ ಕಾಲದ ರೇಸ್ ಕಾರು ಬಿದ್ದಿದೆ ಅಂತ. ಅಂಗಡಿ ಮುಚ್ಚಿಸಿ ನನ್ನನ್ನು ಟಿವಿಎಸ್‌ನ ಹಿಂದೆ ಕೂರಿಸಿಕೊಂಡು ಹೊರಟ. ದಾರಿಯುದ್ದಕ್ಕೂ ಮಾತು, ಅಷ್ಟು ಮಾತಾಡಿದ್ದನ್ನು ನಾನು ಮತ್ತೆಂದೂ ಕಂಡಿಲ್ಲ. ಶೆಡ್ಡಿನಲ್ಲಿದ್ದದ್ದು ತುಕ್ಕು ಹಿಡಿದ ಒಂದು ಫಿಯೆಟ್ಟು, ಅದರ ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಅವನು ಆ ಫಿಯೆಟ್ಟಿನ ಬಾಗಿಲನ್ನು ಎರಡು ಸಲ ತೆಗೆದು ಹಾಕಿ, ಕೀಲು ಹೇಗೆ ಕೂರಿಸಿದ್ದಾರೆ ನೋಡಿಕೊಂಡು ಬಂದ. ನಿಜವಾದ ರೇಸ್ ಕಾರನ್ನು ಅವನು ಕಣ್ಣಾರೆ ಕಂಡೇ ಇಲ್ಲ, ಇನ್ನು ಕಾಣುವುದೂ ಇಲ್ಲ.

ಶಿವರತ್ನಮ್ಮನ ವಿಷಯ ಹೇಳಬೇಕು. ಜನ ತಿಳಿದ ಹಾಗೆ ಅವಳು ಜಗಳಗಂಟಿಯಲ್ಲ. ಕಾರಿಗೆ ಅಡ್ಡ ಬಂದವಳಲ್ಲ, ತಪ್ಪಲೆ ಹೋಯಿತು ಅಂತ ಕೂಗಾಡಿದವಳೂ ಅಲ್ಲ. ಆದರೆ ಒಂದು ವಿಷಯದಲ್ಲಿ ಮಾತ್ರ ಮಣಿಯುತ್ತಿರಲಿಲ್ಲ. ಆಯುಧಪೂಜೆಯ ದಿನ ಅಪ್ಪನ ಕಾಲದ ಹಣಿಗೆಯ ಸಾಮಾನು, ಕತ್ತರಿ, ಹೊಲಿಗೆ ಮೆಷಿನ್ನು, ಮಿಕ್ಸಿ, ಟಿವಿಎಸ್ಸು ಎಲ್ಲಕ್ಕೂ ವಿಭೂತಿ ಬಳಿದು ಹೂವಿಡುವಳು, ಕಪಾಟಿನ ಮೇಲಿದ್ದ ಅರೆಬರೆ ಕಾರಿಗೆ ಇಲ್ಲ. ಗುರುಪಾದಣ್ಣ ಪ್ರತಿ ವರ್ಷ ಒಂದೇ ಸಲ ಕೇಳುತ್ತಿದ್ದ, ಅದಕ್ಕೂ ಒಂದು ಹೂವ ಮಡಗು ಅಂತ. ಓಡುವ ಗಾಡಿಗೆ ಪೂಜೆ, ಕಪಾಟಿನಲ್ಲಿ ಕೂರುವುದಕ್ಕೆಲ್ಲ ಯಾತರ ಪೂಜೆ ಅನ್ನುತ್ತಿದ್ದಳು. ನನಗೆ ಗೊತ್ತು, ಊರವರ ನಗು ಅವನಿಗೆ ತಾಕುತ್ತಿರಲಿಲ್ಲ, ಈ ಒಂದು ಹೂವು ತಾಕುತ್ತಿತ್ತು.

ಮೂರು ವರ್ಷದ ಹಿಂದೆ ಅವನು ಅಂಗಡಿಯ ಮೆಟ್ಟಿಲು ಎಡವಿ ಬಿದ್ದ. ಮೆಟ್ಟಿಲು ಕಾಣಲಿಲ್ಲ ಅಂದ. ಮೈಸೂರಿಗೆ ಕರೆದುಕೊಂಡು ಹೋದೆ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸತ್ತಿದೆ, ಸುತ್ತಲಿನ ನೋಟ ಹೋಗಿದೆ, ನಡುವೆ ಮಾತ್ರ ಉಳಿದಿದೆ ಅಂದರು ಡಾಕ್ಟರು. ಹೋದದ್ದು ಬರುವುದಿಲ್ಲ, ಇರುವುದು ಎಷ್ಟು ದಿನವೋ ಹೇಳಲಾಗದು ಅಂದರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವನು ಮುಷ್ಟಿಯನ್ನು ಕೊಳವೆಯ ಹಾಗೆ ಮಾಡಿ ಒಂದು ಕಣ್ಣಿಗೆ ಹಿಡಿದು, ಈಗ ಇಷ್ಟೇ ಕಾಣೋದು ಪರಮೇಶ ಅಂತ ತೋರಿಸಿದ. ನರಸೀಪುರ ದಾಟಿದ ಮೇಲೆ ಇನ್ನೊಂದು ಮಾತು ಹೇಳಿದ. "ಒಂದ್ ಕಾರಾದ್ರೂ ಮುಗಿಸ್ಬುಡ್ಬೇಕು ಕನ್ಲಾ. ಇನ್ ತಪ್ ಹುಡುಕಾಕಿಲ್ಲ."

ಅದು ಎಂಟನೇ ಕಾರು, ಅದೇ ಇಟಲಿಯ ಕೆಂಪು ಕಾರು. ಎರಡು ವರ್ಷ ಕೂತ. ಮೈ ಮಾಡುವುದಕ್ಕೆ ಅಷ್ಟು ಕಷ್ಟವಾಗಲಿಲ್ಲ, ಅದು ಕೈಗೆ ಗೊತ್ತಿದ್ದ ಕೆಲಸ. ಗಾಲಿಗೇ ಹನ್ನೊಂದು ತಿಂಗಳು ಹಿಡಿಯಿತು. ಬೆಳಗಿನ ಬಿಸಿಲು ಜಗಲಿಗೆ ಬೀಳುವ ಎರಡು ಗಂಟೆ ಮಾತ್ರ ಅವನಿಗೆ ಎಳೆ ಕಾಣುತ್ತಿತ್ತು. ಮೊದಲ ಎರಡು ಗಾಲಿ ನೋಡಿ ಕಟ್ಟಿದ, ಮೂರನೆಯದು ಅರ್ಧ ನೋಡಿ ಅರ್ಧ ಮುಟ್ಟಿ. ನಾಲ್ಕನೆಯದನ್ನು ಪೂರಾ ಬೆರಳಲ್ಲೇ ಕಟ್ಟಿದ. ಬೆಸುಗೆಯ ಬಿಸಿಗೆ ಬೆರಳ ತುದಿಯೆಲ್ಲ ಬೊಬ್ಬೆ. ಒಂದೊಂದು ಕಡ್ಡಿಯನ್ನೂ ಉಗುರಿನಿಂದ ಮೀಟಿ ಕಿವಿ ಹತ್ತಿರ ಹಿಡಿಯುತ್ತಿದ್ದ, ಎಲ್ಲದರ ಸದ್ದೂ ಒಂದೇ ಇರಬೇಕು. ಕಳೆದ ವರ್ಷ ಆಯುಧಪೂಜೆಯ ಹಿಂದಿನ ದಿನ ನಾಲ್ಕನೇ ಗಾಲಿ ಕೂರಿಸಿದ. ನನ್ನನ್ನು ಕರೆಸಿ ಕಾರನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ನಾಲ್ಕೂ ಗಾಲಿ ತಿರುಗಿಸಿದ. ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಒಂದು ಕೂದಲಿನಷ್ಟೂ ಓಲಾಟವಿಲ್ಲ. ತಿರುಗುತ್ತಲೇ ಇದ್ದವು. ಹೆಂಗದೆ ಅಂತ ಕೇಳಿದ. ಸರಿಯಾಗಿದೆ ಅಣ್ಣ, ಮುಗೀತು ಅಂದೆ. ಅವನು ಮುಖ ಒರೆಸಿಕೊಂಡ. ಬಾಗಿಲಲ್ಲಿ ನಿಂತಿದ್ದ ಶಿವರತ್ನಮ್ಮ ಅದನ್ನೆಲ್ಲ ನೋಡಿದಳು.

ಅವಳು ನೋಡಿದ್ದೇ ತಪ್ಪಾಯಿತೋ ಏನೋ. ಮಾರನೇ ದಿನ ನಾನು ಅಂಗಡಿಯ ಪೂಜೆ ಮುಗಿಸಿ, ಪುರಿ ಕಡಲೆಯ ಪೊಟ್ಟಣ ಹಿಡಿದು ಅವರ ಮನೆಗೆ ಹೋದರೆ ಜಗಲಿಯ ಮುಂದೆ ಅಗಲವಾಗಿ ರಂಗೋಲಿ ಹಾಕಿತ್ತು. ರಂಗೋಲಿಯ ನಡುವೆ ಟಿವಿಎಸ್ ಪಕ್ಕದಲ್ಲಿ ಕೆಂಪು ಕಾರು ನಿಂತಿತ್ತು. ಬಾನೆಟ್ಟಿಗೆ ಮೂರೆಳೆ ವಿಭೂತಿ, ಕುಂಕುಮ, ಸೇವಂತಿಗೆಯ ಸಣ್ಣ ಹಾರ. ನಾಲ್ಕೂ ಗಾಲಿಯ ಮುಂದೆ ಒಂದೊಂದು ನಿಂಬೆಹಣ್ಣು. ಕಾರು ಚಿಕ್ಕದು ಅಂತ ಬುಟ್ಟಿಯಲ್ಲಿ ಆರಿಸಿ ಆರಿಸಿ ಚಿಕ್ಕ ಹಣ್ಣೇ ಇಟ್ಟಿದ್ದಳು. ನನ್ನನ್ನು ಕಂಡು, ಕಣ್ಣು ಪೂರಾ ಹೋಗುವ ಮುಂಚೆ ಒಂದು ಸಲ ನೋಡಿಕೊಳ್ಳಲಿ ಪರಮೇಶ ಅಂದಳು. ನನಗೆ ಎಷ್ಟು ಸಂತೋಷವಾಯಿತು ಅಂದರೆ, ಅಕ್ಕ ಈಗ ಒಪ್ಪಿಕೊಂಡೆ ನೋಡು ಅಂತ ರೇಗಿಸಿದೆ ಕೂಡ.

ಗುರುಪಾದಣ್ಣ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ ಒದ್ದೆ ತಲೆಯಲ್ಲೇ ಹೊರಗೆ ಬಂದ. ಅವಳು ಅವನ ಕೈ ಹಿಡಿದು ರಂಗೋಲಿಯ ಹತ್ತಿರ ಕೂರಿಸಿದಳು. ಈ ಸಲ ನಿಮ್ಮ ಗಾಡಿಗೂ ಪೂಜೆ ಮಾಡಿದ್ದೇನೆ, ನೀವೇ ಓಡಿಸಿ ಅಂದಳು. ಅವನು ಬಗ್ಗಿ, ಆ ಒಂದು ಕೊಳವೆಯಷ್ಟು ನೋಟವನ್ನು ಕಾರಿನ ಮೇಲೆ ಆಡಿಸಿದ. ಹೂವು ಕಂಡಿತು, ವಿಭೂತಿ ಕಂಡಿತು. ಹಾರವನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದ. ಕೆಳಗಿನ ನಿಂಬೆಹಣ್ಣು ಅವನಿಗೆ ಕಾಣಲಿಲ್ಲ. ನಮಗೆ ಕಂಡಿತ್ತು. ಆದರೆ ನಮ್ಮ ಕಡೆ ಸೈಕಲ್ಲಿಂದ ಹಿಡಿದು ಲಾರಿಯವರೆಗೆ ನಿಂಬೆಹಣ್ಣಿನ ಮೇಲೆ ಹತ್ತಿಸದೆ ಯಾವ ಗಾಡಿಯ ಪೂಜೆ ಮುಗಿಯುತ್ತದೆ ಹೇಳಿ. ಹುಟ್ಟಿದಾಗಿನಿಂದ ನೋಡಿದ್ದೇನೆ, ಹಣ್ಣು ಚಪ್ಪಟೆಯಾಗುತ್ತದೆ, ಗಾಡಿ ಮುಂದೆ ಹೋಗುತ್ತದೆ. ಗಾಡಿಗೆ ಹಣ್ಣು ಅಡ್ಡ ಆದೀತು ಅಂತ ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅವನು ಎರಡೂ ಕೈಯಲ್ಲಿ ಕಾರಿನ ಹಿಂಭಾಗ ಹಿಡಿದು ತಳ್ಳಿದ. ಅದು ಕದಲಲಿಲ್ಲ. ಆ ಕೈಗೆ ಗೊತ್ತಾಯಿತು, ತಕ್ಷಣ ನಿಲ್ಲಿಸಿದ. ನಾನು ನಿಂತಿದ್ದ ಕಡೆ ಮುಖ ತಿರುಗಿಸಿ, "ಏನೋ ಅಡ್ಡ ಅದಲ್ಲಾ, ಪರಮೇಶ" ಅಂದ.

"ಏನಿಲ್ಲ ಕಣಣ್ಣ, ಜೋರಾಗ್ ತಳ್ಳು" ಅಂದೆ.

ನನ್ನ ಮಾತು ನಂಬಿ ಜೋರಾಗಿ ತಳ್ಳಿದ. ಐದು ಕೇಜಿಯ ಕಾರು. ಮುಂದಿನ ಎರಡು ಗಾಲಿ ಹಣ್ಣಿನ ಮೇಲೆ ಅರ್ಧ ಹತ್ತಿ ಪಕ್ಕಕ್ಕೆ ಜಾರಿದವು. ಹಪ್ಪಳ ಮುರಿದ ಹಾಗೆ ಸದ್ದಾಯಿತು. ಕಡ್ಡಿಗಳು ಒಂದರ ಹಿಂದೆ ಒಂದು ಬೆಸುಗೆ ಬಿಟ್ಟವು, ಎರಡೂ ಗಾಲಿ ಮಡಚಿಕೊಂಡು ಕಾರು ಮುಂದಕ್ಕೆ ಮುಗ್ಗರಿಸಿತು. ಹಿಂದಿನ ಒಂದು ಗಾಲಿಯೂ ಸೊಟ್ಟಗಾಯಿತು. ನಿಂಬೆಹಣ್ಣುಗಳಿಗೆ ಏನೂ ಆಗಿರಲಿಲ್ಲ. ಶಿವರತ್ನಮ್ಮ ಅಷ್ಟರಲ್ಲಿ ಒಡೆಯುವುದಕ್ಕೆ ಬೂದುಗುಂಬಳಕಾಯಿ ತರಲು ಹಿತ್ತಲಿಗೆ ಹೋಗಿದ್ದಳು, ಅವಳಿಗೆ ಸದ್ದು ಕೇಳಿಸಲಿಲ್ಲ.

ಗುರುಪಾದಣ್ಣ ಕೆಳಗೆ ಕೈ ಹಾಕಿದ. ಮೊದಲು ನಿಂಬೆಹಣ್ಣು ಸಿಕ್ಕಿತು. ಅದನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿ ಪಕ್ಕಕ್ಕಿಟ್ಟ. ಆಮೇಲೆ ಗಾಲಿ ಮುಟ್ಟಿದ. ಕಡ್ಡಿ ಕಡ್ಡಿಯಾಗಿ ಎಣಿಸಿಕೊಂಡು ಹೋದ, ನಾನು ಅಲ್ಲೇ ನಿಂತು ನೋಡಿದೆ. ಅಣ್ಣ, ಅಂದೆ. ಅವನು ನನ್ನ ಕಡೆ ತಿರುಗಲಿಲ್ಲ. ಅವಳು ಬರುವ ಮೊದಲು ಇದನ್ನು ಕಪಾಟಿನಲ್ಲಿಟ್ಟು ಬಟ್ಟೆ ಹೊದಿಸು ಅಂದ. ಇಟ್ಟು ಬಂದೆ. ಅವಳು ಕುಂಬಳಕಾಯಿಯೊಂದಿಗೆ ಬಂದಾಗ, ಪೂಜೆ ಚೆನ್ನಾಗಾಯ್ತು ಶಿವರತ್ನ ಅಂದ. ಅವಳ ಮುಖ ಅರಳಿದ್ದನ್ನು ನಾನು ನೋಡಲಾರದೆ ನೋಡಿದೆ.

ಆಮೇಲಿನ ದಿನಗಳ ಬಗ್ಗೆ ಬರೆಯುವುದಕ್ಕೆ ಹೆಚ್ಚಿಲ್ಲ. ಶಿವರತ್ನಮ್ಮ ಮನೆಯಲ್ಲಿಲ್ಲದಾಗ ಬೆಳಗಿನ ಬಿಸಿಲಲ್ಲಿ ಕೂತು ಕಡ್ಡಿ ನೆಟ್ಟಗೆ ಮಾಡಲು ನೋಡಿದ. ಒಂದು ಸಲ ಬಾಗಿದ ಎಳೆ ಮತ್ತೆ ನೆಟ್ಟಗಾಗುವುದಿಲ್ಲ, ತುಂಡಾಗುತ್ತದೆ. ಹೊಸ ಎಳೆ ಪೋಣಿಸಲು ತೂತು ಸುಲಭಕ್ಕೆ ಸಿಗುತ್ತಿರಲಿಲ್ಲ. ಹದಿನೈದು ದಿನದಲ್ಲಿ ಐದು ಕಡ್ಡಿ ಕೂರಿಸಿದ, ಐದಕ್ಕೂ ಐದು ಸದ್ದು. ದೀಪಾವಳಿಯ ಹೊತ್ತಿಗೆ ಆ ಕೊಳವೆಯಷ್ಟು ನೋಟವೂ ಮಬ್ಬಾಯಿತು. ನಾನು ಹುಚ್ಚು ಹಿಡಿದವನ ಹಾಗೆ ಇಂಟರ್‌ನೆಟ್ಟಿನಲ್ಲಿ ಹುಡುಕಿ, ರೆಡಿಮೇಡ್ ಗಾಲಿ ಸಿಗುತ್ತದಂತೆ ಅಣ್ಣ, ತರಿಸುತ್ತೇನೆ ಅಂದೆ. ಬ್ಯಾಡ ಅಂದ. ನಾನು ಕಟ್ಟುತ್ತೇನೆ, ನೀನು ಹೇಳಿಕೊಡು ಅಂದೆ. ಅವನು ನನ್ನ ಕೈ ಹಿಡಿದು ಬೆರಳುಗಳನ್ನು ಮುಟ್ಟಿ ನೋಡಿ ಮೆಲ್ಲಗೆ ಬಿಟ್ಟ.

ಮುಚ್ಚಿಟ್ಟದ್ದು ಎಷ್ಟು ದಿನ ಉಳಿಯುತ್ತದೆ. ಒಂದು ದಿನ ಕಪಾಟು ಒರೆಸುವಾಗ ಬಟ್ಟೆ ಸರಿದು ಶಿವರತ್ನಮ್ಮ ಗಾಲಿ ನೋಡಿದಳು. ನಾನು ಸಂಜೆ ಹೋದಾಗ ಅವಳು ಕುಚ್ಚು ಕಟ್ಟುವುದನ್ನು ಬಿಟ್ಟು ಸುಮ್ಮನೆ ಕೂತಿದ್ದಳು. ಗುರುಪಾದಣ್ಣ ಜಗಲಿಯ ಕಂಬಕ್ಕೆ ಒರಗಿದ್ದ. ಅವಳು ಅವನನ್ನು ಕೇಳಲಿಲ್ಲ, ನನ್ನನ್ನು ಕೇಳಿದಳು.

"ಪರಮೇಶ, ನೀ ಅಲ್ಲೇ ಇದ್ದಲ್ಲ. ನಿಜ ಯೋಳು. ನಾ ಮಡಗಿದ್ ನಿಂಬೆಣ್ಣಿಂದ ಹಿಂಗಾಯ್ತಾ?"

ತಳ್ಳು ಅಂದವನು ನಾನು ಅಂತ ಹೇಳಬೇಕು ಅಂತಲೇ ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಮಾತಾಡಿದ.

"ನಿಂಬೆಣ್ಣೆಲ್ಲಾ ಏನ್ ಮಾಡದು, ಬುಡು. ನನ್ ಬೆಸುಗೆನೇ ಸರಿ ಇರ್ನಿಲ್ಲ. ಕಣ್ ಕಾಣ್ದೆ ಕಟ್ಟುದ್ದು, ಕೆಲ್ಸ ಕೆಟ್ಟಿತ್ತು. ಕಪಾಟಲ್ ಮಡಗಿದ್ರೂ ಬೀಳದೇಯ." ಆಮೇಲೆ, "ಅಲ್ವೇನ್ಲಾ ಪರಮೇಶ?" ಅಂದ.

ಒಂದು ತೂತು ಮುಚ್ಚಿ ಬಾಳಲಾರೆ ಅಂತ ನಾಲ್ಕು ವರ್ಷದ ಕೆಲಸ ಒಡೆದು ಹಾಕಿದ್ದ ಮನುಷ್ಯ. ಆ ನೂರ ತೊಂಬತ್ತೆರಡು ಕಡ್ಡಿಯ ಬಿಗಿ ಎಂಥದ್ದು ಅಂತ ಬಲ್ಲವನು ಈ ಲೋಕದಲ್ಲಿ ಅವನನ್ನು ಬಿಟ್ಟರೆ ನಾನೊಬ್ಬನೇ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅವನು ಕಾಣದ ಕಣ್ಣು ನನ್ನ ಕಡೆಗಿಟ್ಟು ಕಾಯುತ್ತಿದ್ದ.

"ಊ ಕನಕ್ಕ" ಅಂದೆ. "ಕೆಲ್ಸ ಸರಿ ಇರ್ನಿಲ್ಲ."